ಘಟಪ್ರಭೆಯ ಮೀನು

ಗೋಕಾಕದ ಹೆಸರನ್ನೆತ್ತಿದೊಡನೆ ನೆನಪಿಗೆ ಬರುವವು ಎರಡು: ಒಂದು ಜಲಪಾತ, ಇನ್ನೊಂದು ಕರದಂಟು. ಸುಮಾರು 52 ಮೀಟರ್ ಎತ್ತರದಿಂದ ಧುಮುಕುವ ನೀರನ್ನು ಕಣ್ತುಂಬ ನೋಡಿ, ಕರದಂಟಿನ ಪೊಟ್ಟಣ ಹಿಡಿದು ಪ್ರವಾಸಿಗರು ಊರಿಗೆ ಮರಳುತ್ತಾರೆ. ಆ ನದಿಯನ್ನು ನಂಬಿ ಬದುಕುವವರು ಯಾರೆಂದು ಕೇಳುವವರು ವಿರಳ. ಘಟಪ್ರಭೆಯ ಮೀನುಗಾರರ ಜಾಡಿನಲ್ಲಿ ಒಂದು ದಿನವನ್ನಾದರೂ ಕಳೆಯದವರು ಈ ಸೀಮೆಯನ್ನು ಅರ್ಧವೇ ಕಂಡವರೆಂದು ನನ್ನ ಅಭಿಪ್ರಾಯ.

ಅಂಥ ದಿನವು ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯದ ದಡದಲ್ಲಿ, ಹೊತ್ತು ಮೂಡುವ ಮೊದಲೇ ಆರಂಭವಾಗಬೇಕು. ಸಂಜೆ ನೀರಿಗಿಳಿಸಿದ ಬಲೆಯನ್ನು ಎತ್ತುವ ಸಮಯವದು. ಮೀನು ಬಲೆಯ ಕಣ್ಣಿನೊಳಗೆ ತಲೆ ತೂರಿಸುತ್ತದೆ. ಮೈ ದಪ್ಪವಾದ್ದರಿಂದ ಮುಂದೆ ಹೋಗಲಾರದು, ಕಿವಿರು ನೂಲಿಗೆ ಸಿಕ್ಕುವುದರಿಂದ ಹಿಂದೆಯೂ ಸರಿಯಲಾರದು. ಕಣ್ಣು ದೊಡ್ಡದಾಗಿದ್ದರೆ ಮರಿಗಳು ಪಾರಾಗುತ್ತವೆ. ಇಷ್ಟು ಚಿಕ್ಕ ಸಂಗತಿಯ ಮೇಲೆ ಮೀನುಗಾರನ ಮುಂದಿನ ವರ್ಷದ ಅನ್ನ ನಿಂತಿದೆ.

ನಮ್ಮ ಜಲಾಶಯಗಳಲ್ಲಿ ಬೆಳೆಸುವ ಕಾಟ್ಲಾ, ರೋಹು, ಮೃಗಾಲ ಮೀನುಗಳು ಮೂಲತಃ ಉತ್ತರದ ನದಿಗಳವು. ಹರಿಯುವ ಹೊಸನೀರು ಬಾರದೆ, ನಿಂತ ನೀರಿನಲ್ಲಿ ಇವು ಮೊಟ್ಟೆಯಿಡುವುದಿಲ್ಲ. 1957ರಲ್ಲಿ ಡಾ. ಹೀರಾಲಾಲ್ ಚೌಧುರಿಯವರು ಒಡಿಶಾದಲ್ಲಿ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಇಂಥ ಮೀನುಗಳಿಂದ ಮೊಟ್ಟೆಯಿಡಿಸಿದರು. ಅಂದಿನಿಂದ ಮರಿಗಳನ್ನು ಸಾಕಿ ಕೆರೆ, ಜಲಾಶಯಗಳಿಗೆ ಬಿಡುವ ಕಾರ್ಯ ಸುಗಮವಾಯಿತು.

ನದಿಯ ಗುಂಟ ಕೆಳಗೆ ಬಂದರೆ ಧೂಪದಾಳದ ಒಡ್ಡು. ಅಲ್ಲಿನ ಹಿನ್ನೀರು 1974ರಲ್ಲಿ ಪಕ್ಷಿಧಾಮವಾಯಿತು. ಮೀನು ಹಿಡಿಯುವುದರಲ್ಲಿ ನೀರುಕಾಗೆ ಮನುಷ್ಯನಿಗಿಂತ ನಿಪುಣ. ಅದಕ್ಕೆ ಬಲೆಯ ಖರ್ಚೂ ಇಲ್ಲ! ಮುಂದೆ ಜಲಪಾತವನ್ನು ದಾಟಿ, ಗೋಕಾಕವನ್ನು ಬಳಸಿ, ನದಿಯು ಮೂಡಲಗಿಯ ಸೀಮೆಯತ್ತ ಸಾಗುತ್ತದೆ. 2019ರ ಆಗಸ್ಟಿನಲ್ಲಿ ಇದೇ ನದಿಯ ನೀರು ಗೋಕಾಕದೊಳಗೆ ನುಗ್ಗಿತ್ತು. ನದಿಯ ಸೌಮ್ಯವನ್ನೂ ರೌದ್ರವನ್ನೂ ಅಂಬಿಗನಷ್ಟು ಬಲ್ಲವರು ಯಾರು?

ಮಧ್ಯಾಹ್ನದ ಊಟಕ್ಕೆ ಜೋಳದ ರೊಟ್ಟಿ. ಹುಣಸೆಹುಳಿ, ಬೆಳ್ಳುಳ್ಳಿ, ಖಾರ ಬೆರೆತ ಮೀನಿನ ಸಾರು. ಇದನ್ನು ಕೀಳೆಂದು ಬಗೆಯಲು ಕಾರಣವಿಲ್ಲ. ಹನ್ನೆರಡನೆಯ ಶತಮಾನದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ದಲ್ಲಿ ಮೀನುಗಳ ಬಗೆಗಳನ್ನೂ ಗಾಳ ಹಾಕುವ ಕ್ರಮವನ್ನೂ ವಿವರಿಸಿದ್ದಾನೆ. ಮೆಡಿಟರೇನಿಯನ್ ಸಮುದ್ರತೀರದ ಮಾರ್ಸೇಲ್ಸ್ ನಗರದ ಹೆಸರಾಂತ ಮೀನಿನ ಸಾರು ‘ಬೂಯಾಬೇಸ್’ ಹುಟ್ಟಿದ್ದು ಬೆಸ್ತರ ಒಲೆಯ ಮೇಲೆ, ಮಾರಾಟವಾಗದೆ ಉಳಿದ ಮೀನಿನಿಂದ. ಇಂದು ಅದು ಆ ನಗರದ ಹೆಮ್ಮೆ. ಮೀನು ತಿನ್ನದ ಮನೆಗಳು ನಮ್ಮಲ್ಲಿ ಅನೇಕ. ಅವರು ತಿನ್ನಲೆಂದು ನಾನು ಹೇಳುತ್ತಿಲ್ಲ. ಹಿಡಿಯುವವನ ವಿದ್ಯೆಯನ್ನು ಗೌರವಿಸಲು ನಾಲಗೆಯ ಅಪ್ಪಣೆ ಬೇಕಿಲ್ಲ.

ಕರದಂಟಿಗೆ ದೊರೆತ ಕೀರ್ತಿ ಮೀನಿಗೇಕೆ ದೊರೆಯಲಿಲ್ಲ? ಬೆಲ್ಲ, ಅಂಟು, ಒಣಹಣ್ಣುಗಳ ಕರದಂಟು ವಾರಗಟ್ಟಲೆ ಕೆಡದು. ಆದುದರಿಂದ ದೂರದೂರಿಗೂ ಹೋಯಿತು. ಮೀನಾದರೋ ಬಿಸಿಲೇರಿದಂತೆ ಬೆಲೆ ಕಳೆದುಕೊಳ್ಳುತ್ತದೆ. ಇದನ್ನರಿತ ವ್ಯಾಪಾರಿ ಕಾಯಬಲ್ಲ, ಹಿಡಿದವನು ಕಾಯಲಾರ, ಕೊಟ್ಟಷ್ಟಕ್ಕೆ ಒಪ್ಪಬೇಕಾಗುತ್ತದೆ. ದಡದಲ್ಲೇ ಮಂಜುಗಡ್ಡೆಯ ಪೆಟ್ಟಿಗೆ, ನೆರಳಿರುವ ಮಾರುಕಟ್ಟೆ, ಎಲ್ಲರೆದುರು ತೂಗುವ ತಕ್ಕಡಿ, ಇವು ದೊರೆತರೆ ಚೌಕಾಶಿಯಲ್ಲಿ ಆತನ ಮಾತಿಗೂ ತೂಕ ಬರುತ್ತದೆ. ಜಲಪಾತದ ಬಳಿ ಪ್ರವಾಸಿಗರಿಗಾಗಿ ಹಣ ವೆಚ್ಚಮಾಡುವವರು ಅದರಲ್ಲೊಂದು ಪಾಲನ್ನು ಈ ದಡಕ್ಕೆ ತೆಗೆದಿಡಬೇಕು.