ಯಂತ್ರ ಹಾಡಿದರೆ ಕೂಲಿ ಯಾರಿಗೆ?

ಮೊಬೈಲ್‌ನಲ್ಲಿ ನಾಲ್ಕು ಸಾಲು ಬರೆದರೆ ಸಾಕು, 'ಸುನೋ'ದಂಥ ಎಐ ಆ್ಯಪ್‌ಗಳು ರಾಗ, ತಾಳ, ದನಿ ಎಲ್ಲ ಸೇರಿಸಿ ಹಾಡು ರೆಡಿ ಮಾಡಿಕೊಡುತ್ತವೆ. ನಮ್ಮಂಥ ಸಣ್ಣ ವ್ಯಾಪಾರಿಗಳಿಗೆ ಜಾಹೀರಾತು ಅಗ್ಗವಾಯಿತು, ನಿಜ. ಆದರೆ ಅಗ್ಗ ಯಾಕಾಯಿತು ಅಂತ ಲೆಕ್ಕ ನೋಡಬೇಕಲ್ಲ?

ಈ ಯಂತ್ರದ ಕಚ್ಚಾ ಮಾಲು ಮನುಷ್ಯರು ಹಾಡಿಟ್ಟ ಹಾಡುಗಳು. ಕಚ್ಚಾ ಮಾಲಿಗೆ ದುಡ್ಡು ಕೊಡದಿದ್ದರೆ ಯಾವ ಸರಕೂ ಅಗ್ಗವೇ. ಅನುಮತಿಯಿಲ್ಲದೆ ತಮ್ಮ ಹಾಡುಗಳನ್ನು ಬಳಸಿದ್ದಾರೆಂದು ದೊಡ್ಡ ಸಂಗೀತ ಕಂಪೆನಿಗಳು 2024ರ ಜೂನ್‌ನಲ್ಲಿ ಅಮೆರಿಕದಲ್ಲಿ ಸುನೋ ಮೇಲೆ ಕೇಸು ಹಾಕಿದವು. ಮರುತಿಂಗಳು ಗಾಯಕ ಅರಿಜಿತ್ ಸಿಂಗ್ ಅವರ ದನಿಯ ಎಐ ನಕಲಿಗೆ ಬಾಂಬೆ ಹೈಕೋರ್ಟ್ ಮಧ್ಯಂತರ ತಡೆ ಕೊಟ್ಟಿತು.

ಸರಿಯಾದ ದಾರಿಯೂ ಇದೆ. 'ಲಾಲ್ ಸಲಾಂ' ಸಿನಿಮಾದ ಹಾಡಿಗೆ ಎ.ಆರ್. ರೆಹಮಾನ್ ಅವರು ತೀರಿಹೋದ ಶಾಹುಲ್ ಹಮೀದ್, ಬಂಬಾ ಬಾಕ್ಯ ಇಬ್ಬರ ದನಿಯನ್ನೂ ಎಐಯಿಂದ ಮರಳಿ ತಂದರು. ಕುಟುಂಬದವರ ಒಪ್ಪಿಗೆ ಪಡೆದರು, ಸಂಭಾವನೆಯನ್ನೂ ಕೊಟ್ಟರು.

ಹೆಸರಿದ್ದವರಿಗೆ ವಕೀಲರಿದ್ದಾರೆ. ಮದುವೆ ಮನೆಯಲ್ಲಿ ಹಾಡುವವರಿಗೆ, ದಫ್ ತಂಡದವರಿಗೆ, ಜೀಪಿಗೆ ಮೈಕ್ ಕಟ್ಟಿ ಅನೌನ್ಸ್ ಮಾಡುವವರಿಗೆ ಯಾರಿದ್ದಾರೆ? ನಮ್ಮ ಕಾಸರಗೋಡಿನ ಮೊಗ್ರಾಲ್‌ಗೆ 'ಇಶಲ್ ಗ್ರಾಮ' ಎಂಬ ಹೆಸರು ಬಂದದ್ದು ಅಲ್ಲಿನ ಕವಿಗಳು, ಹಾಡುಗಾರರಿಂದ.

ಯುವಕರು ಎಐ ಕಲಿಯಲಿ, ವ್ಯಾಪಾರಕ್ಕೂ ಬಳಸಲಿ. ಆದರೆ ಹಿರಿಯರ ಹಾಡು ರೆಕಾರ್ಡ್ ಮಾಡುವಾಗ ಒಪ್ಪಿಗೆ ಕೇಳಿ, ಹೆಸರು ಹಾಕಿ. ಕಾರ್ಯಕ್ರಮಕ್ಕೆ ಕರೆದರೆ ಬರೀ ಶಾಲು ಹೊದಿಸಿ ಕಳಿಸಬೇಡಿ, ಕೂಲಿ ಕೊಡಿ. ಹಾಡಿ ಹೊಟ್ಟೆ ತುಂಬದಿದ್ದರೆ ಮುಂದಿನವರು ಯಾಕೆ ಕಲಿಯುತ್ತಾರೆ? ಕಲಿಯುವವರೇ ಇಲ್ಲದ ಮೇಲೆ ಯಂತ್ರಕ್ಕಾದರೂ ಹೊಸ ಹಾಡು ಎಲ್ಲಿಂದ ಸಿಗಬೇಕು?