ಬಕೆಟ್ ಪರವಾಗಿ ಒಂದು ಜಗಳ

(1/4)

ಬಿಳಿ ಬಕೆಟ್ ಫೋಟೋ ಹಾಕಿದ್ದೇ ತಡ, ಬ್ಯಾಚ್‌ನ ಅರ್ಧ ಜನ ಎದ್ದು ಕೂತ್ರಿ. ಬಚ್ಚಲುಮನೆ ಬಕೆಟ್‌ನಲ್ಲಿ ಬಿಯರಾ ಮಗಾ ಅಂತ ಒಬ್ಬ, ಅಮೆರಿಕಕ್ಕೆ ಹೋಗಿ ಪೇಂಟ್ ಡಬ್ಬಕ್ಕೆ ಬಂದ್ಯಲ್ಲೋ ಅಂತ ಇನ್ನೊಬ್ಬ. ಅದೆಲ್ಲ ಸರಿ, ನಾನೂ ನಕ್ಕೆ. ನಗು ಬರದೇ ಇದ್ದಿದ್ದು ಒಂದೇ ಮಾತಿಗೆ: ಪ್ಲಾಸ್ಟಿಕ್ ಬಾಳಿಕೆ ಬರಲ್ಲ, ಒಂದೇ ಸಲ ದುಡ್ಡು ಹಾಕಿ ಗಾಜಿನದ್ದು ತಗೋ, ಲೈಫ್‌ಲಾಂಗ್ ಇರುತ್ತೆ. ಅದಕ್ಕೆ ಬಿದ್ದ ಹಾರ್ಟ್‌ಗಳನ್ನ ನೋಡಿ ಈ ಸರಣಿ ಬರೀತಿದ್ದೀನಿ. ಇಲ್ಲಿ ಹೊಸದಾಗಿ ಮನೆಯಲ್ಲಿ ಬಿಯರ್ ಮಾಡೋಕೆ ಶುರು ಮಾಡೋರಿಗೆ ಸಿಗೋ ಬುದ್ಧಿವಾದವೂ ಇದೇ. ಇದು ತಪ್ಪು. ಬರೀ ತಪ್ಪಲ್ಲ, ಕೈ ಕೊಯ್ಯೋ ತಪ್ಪು.

ಗೊತ್ತಿಲ್ಲದವರಿಗೆ ಎರಡು ಮಾತು. ಬಾರ್ಲಿ ಮಾಲ್ಟ್‌ನಿಂದ ತೆಗೆದ ಸಿಹಿ ನೀರಿಗೆ ವರ್ಟ್ ಅಂತಾರೆ. ಹಾಪ್ಸ್ ಹಾಕಿ ಕುದಿಸಿ, ತಣಿಸಿ, ಯೀಸ್ಟ್ ಹಾಕಿ ಎರಡು ಮೂರು ವಾರ ಬಿಟ್ಟರೆ ಬಿಯರ್. ಆ ಎರಡು ಮೂರು ವಾರ ಅದು ಕೂರೋ ಪಾತ್ರೆನೇ ಫರ್ಮೆಂಟರ್. ಒಂದು ಕಡೆ ಗಾಜಿನ ಕಾರ್ಬಾಯ್: ದಪ್ಪ ಹೊಟ್ಟೆ, ಸಣ್ಣ ಕುತ್ತಿಗೆ, ಫೋಟೋದಲ್ಲಿ ರಾಜಕುಮಾರಿ. ಇನ್ನೊಂದು ಕಡೆ ಫುಡ್ ಗ್ರೇಡ್ ಎಚ್‌ಡಿಪಿಇ ಬಕೆಟ್, ಮುಚ್ಚಳದಲ್ಲಿ ಒಂದು ತೂತು, ಅದರಲ್ಲಿ ಏರ್‌ಲಾಕ್. ಸಾಮಾನ್ಯ ಅಳತೆ 5 ಗ್ಯಾಲನ್, ಅಂದ್ರೆ ಸುಮಾರು 19 ಲೀಟರ್.

(ಜೂನಿಯರ್ಸ್ ಕೇಳಿಸ್ಕೊಳ್ಳಿ: ಅಮೆರಿಕದಲ್ಲಿ ಇದಕ್ಕೆ ಫೆಡರಲ್ ಅನುಮತಿ ಸಿಕ್ಕಿದ್ದು 1978ರಲ್ಲಿ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನಿಂದ. ಕೊನೆಗೆ ಒಪ್ಪಿದ ರಾಜ್ಯಗಳು ಮಿಸಿಸಿಪಿ, ಅಲಬಾಮಾ, ಅದೂ 2013ರಲ್ಲಿ. ಸ್ವಂತಕ್ಕೆ ಮಾತ್ರ, ಮಾರೋಹಾಗಿಲ್ಲ. 21 ತುಂಬಿರಬೇಕು. ನಮ್ಮೂರಲ್ಲಿ ಅಬಕಾರಿ ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಬಿಯರ್ ಮಾಡೋದು ಅಪರಾಧ. ನನ್ನ ಪೋಸ್ಟ್ ತೋರಿಸಿ ಹಾಸ್ಟೆಲ್‌ನಲ್ಲಿ ಶುರು ಮಾಡ್ಕೋಬೇಡಿ.)

(2/4)

ಈಗ ಆ "ಲೈಫ್‌ಲಾಂಗ್"ಗೆ ಬರೋಣ. ಯಾರ ಲೈಫು?

ನಾವೆಲ್ಲ ಮೆಕ್ಯಾನಿಕಲ್ ಓದಿದವರು ಸ್ವಾಮಿ. ಗ್ರಿಫಿತ್ ನೆನಪಿದಾನಾ? 1921ರ ಪೇಪರ್. ಗಾಜು ಲೆಕ್ಕದ ಪ್ರಕಾರ ಎಷ್ಟು ಗಟ್ಟಿ ಇರಬೇಕೋ ಅದಕ್ಕಿಂತ ಎಷ್ಟೋ ಕಡಿಮೆ ಬಲಕ್ಕೇ ಯಾಕೆ ಒಡೆಯುತ್ತೆ ಅಂತ ತಲೆ ಕೆಡಿಸಿಕೊಂಡವನು ಅವನು. ಉತ್ತರ: ಮೇಲ್ಮೈಯಲ್ಲಿರೋ ಕಣ್ಣಿಗೆ ಕಾಣದ ಸಣ್ಣ ಸಣ್ಣ ಬಿರುಕುಗಳು. ಸೆಮಿಸ್ಟರ್‌ನಲ್ಲಿ ಹತ್ತು ಮಾರ್ಕ್ಸ್‌ಗೆ ಉರು ಹೊಡೆದು, ಈಗ ಬಂದು ಗಾಜಿಗೆ ವಯಸ್ಸಾಗಲ್ಲ ಅಂತ ಕಾಮೆಂಟ್ ಹಾಕ್ತೀರಲ್ಲ! ಸಿಂಕ್‌ಗೆ ತಗುಲಿದ ಒಂದೊಂದು ಏಟೂ, ಸಿಮೆಂಟ್ ನೆಲದ ಮೇಲೆ ಕುಕ್ಕಿದ ಒಂದೊಂದು ಸಲವೂ ಗಾಜು ಲೆಕ್ಕ ಬರೆದಿಟ್ಟುಕೊಳ್ಳುತ್ತೆ. ಒತ್ತಡದ ಜೊತೆ ತೇವ ಸೇರಿದರೆ ಆ ಬಿರುಕು ನಿಧಾನಕ್ಕೆ ಬೆಳೆಯೋದೂ ಉಂಟು. ಕಾರ್ಬಾಯ್ ಜೀವಮಾನವಿಡೀ ಒದ್ದೆಯಾಗೇ ಇರೋ ವಸ್ತು. ಹೊರಗಿಂದ ಮಾತ್ರ ಮೊದಲ ದಿನದ ಹೊಳಪೇ.

ಮೇಲಾಗಿ ಇದು ನಿಮ್ಮ ಕೆಮಿಸ್ಟ್ರಿ ಲ್ಯಾಬಿನ ಬೀಕರ್ ಗಾಜಲ್ಲ. ಅದು ಬೋರೋಸಿಲಿಕೇಟ್, ಬಿಸಿ ತಡಿಯುತ್ತೆ. ಕಾರ್ಬಾಯ್ ಸಾಮಾನ್ಯವಾಗಿ ಸೋಡಾ ಲೈಮ್, ಅಂದ್ರೆ ಕಿಟಕಿ ಗಾಜಿನ ಜಾತಿ. ಸರಿಯಾಗಿ ತಣಿಯದ ವರ್ಟ್ ಸುರಿದರೆ ಅಥವಾ ಚಳಿಗಾಲದಲ್ಲಿ ಗ್ಯಾರೇಜ್‌ನಿಂದ ತಂದು ಬಿಸಿನೀರು ಬಿಟ್ಟರೆ ಟಪ್ ಅಂತ ತಳ ಬಿಟ್ಟುಕೊಳ್ಳುತ್ತೆ.

ಭಾರ ಕೇಳಿ. ಖಾಲಿ ಇದ್ದಾಗಲೇ ಆರು ಕಿಲೋ ಆಸುಪಾಸು. ತುಂಬಿದರೆ 25 ಕಿಲೋ ದಾಟುತ್ತೆ, ಅರ್ಧ ಸಿಮೆಂಟ್ ಮೂಟೆ. ಹಿಡಿಯೋಕೆ ಹಿಡಿಕೆ ಇಲ್ಲ, ಮೈಮೇಲೆ ಸ್ಯಾನಿಟೈಸರ್ ನೊರೆ, ಕೈ ಒದ್ದೆ. ಅದನ್ನ ಬಾಡಿಗೆ ಅಪಾರ್ಟ್‌ಮೆಂಟ್‌ನ ಅಡುಗೆಮನೆಯಿಂದ ಕತ್ತಲೆ ಕ್ಲಾಸೆಟ್‌ಗೆ ಹೊತ್ಕೊಂಡು ಹೋಗ್ಬೇಕು. ಕುತ್ತಿಗೆಗೆ ಸಿಗಿಸೋ ಹಿಡಿಕೆ ಮಾರ್ತಾರೆ ನಿಜ, ಆದ್ರೆ ಅದು ಖಾಲಿ ಕಾರ್ಬಾಯ್‌ಗೆ. ತುಂಬಿದ್ದನ್ನ ಅದರಲ್ಲೇ ಎತ್ತಿದರೆ ಇಡೀ ಭಾರ ಆ ಸಣ್ಣ ಕುತ್ತಿಗೆ ಮೇಲೆ ಬೀಳುತ್ತೆ.

ಬಕೆಟ್ ಬಿದ್ದರೆ ಬಿಯರ್ ಹೋಗುತ್ತೆ, ಕಾರ್ಪೆಟ್ ಹೋಗುತ್ತೆ, ಬಾಡಿಗೆ ಡೆಪಾಸಿಟ್ ಹೋಗುತ್ತೆ. ಕಾರ್ಬಾಯ್ ಬಿದ್ದರೆ? ದೊಡ್ಡ ದೊಡ್ಡ ಚೂರು, ಕತ್ತಿಯಂಥ ಅಂಚು. ಬೀಳ್ತಿರೋದನ್ನ ಹಿಡಿಯೋಕೆ ನಮ್ಮ ಕೈ ತಾನೇತಾನಾಗಿ ಮುಂದೆ ಹೋಗುತ್ತಲ್ಲ, ಅದೇ ಕೈಯ ಮಣಿಕಟ್ಟು, ಬೆರಳಿನ ಸ್ನಾಯುರಜ್ಜು, ನರ. ಹೋಮ್‌ಬ್ರೂ ಮಾಡೋರ ನಡುವೆ ಹೊಲಿಗೆ ಹಾಕಿದ ಅಂಗೈ ಫೋಟೋಗಳು ಹೊಸ ವಿಷಯ ಅಲ್ಲವೇ ಅಲ್ಲ. ಇಲ್ಲಿನ ಎಮರ್ಜೆನ್ಸಿ ರೂಮ್ ಬಿಲ್ಲು ಏನು ಅಂತ ಸ್ಟೂಡೆಂಟ್ ಇನ್ಶೂರೆನ್ಸ್‌ನಲ್ಲಿ ಬದುಕೋ ಯಾರನ್ನ ಬೇಕಾದ್ರೂ ಕೇಳಿ.

(3/4)

ಸರಿ, ಪ್ಲಾಸ್ಟಿಕ್ ಮೇಲಿನ ಆರೋಪಗಳು.

ಗೀರು ಬೀಳುತ್ತೆ, ಗೀರಿನಲ್ಲಿ ಬ್ಯಾಕ್ಟೀರಿಯಾ ಕೂರುತ್ತೆ. ಒಪ್ದೆ, ಪೂರ್ತಿ ನಿಜ. ಆದ್ರೆ ಗೀರು ಯಾರು ಹಾಕಿದ್ದು? ಪಾತ್ರೆ ಉಜ್ಜೋ ಸ್ಟೀಲ್ ನಾರು ತಗೊಂಡು ಬಕೆಟ್ ಉಜ್ಜಿದರೆ ಅದು ಬಕೆಟ್ ತಪ್ಪಾ? ಪರ್‌ಕಾರ್ಬನೇಟ್ ಕ್ಲೀನರ್ ಹಾಕಿದ ಬೆಚ್ಚನೆ ನೀರಲ್ಲಿ ರಾತ್ರಿ ನೆನೆಸಿ, ಬೆಳಿಗ್ಗೆ ಮೆತ್ತನೆ ಸ್ಪಂಜಲ್ಲಿ ಒರೆಸಿ, ಮುಗೀತು. ಬಕೆಟ್ ಒಳಗೆ ಮೊಣಕೈವರೆಗೂ ಕೈ ಹೋಗುತ್ತೆ, ಮೂಲೆ ಮೂಲೆ ಕಣ್ಣಿಗೆ ಕಾಣುತ್ತೆ. ಕಾರ್ಬಾಯ್ ಕುತ್ತಿಗೆಯೊಳಗೆ ನಾಲ್ಕು ಬೆರಳು ಹೋಗಲ್ಲ. ಒಣಗಿ ಅಂಟಿದ ನೊರೆ ಬಿಡಿಸೋಕೆ ಸೊಟ್ಟ ಬ್ರಶ್ ತುರುಕಬೇಕು, ಇಲ್ಲ ಸೋಪು ನೀರು ಹಾಕಿ ಅಪ್ಪಿಕೊಂಡು ಕುಲುಕಬೇಕು. ಜಾರೋದೂ ಅಲ್ಲೇ.

ಆಕ್ಸಿಜನ್ ಒಳಗೆ ಹೋಗುತ್ತೆ. ಇದೂ ನಿಜ, ಎಚ್‌ಡಿಪಿಇ ಮೂಲಕ ಹೋಗುತ್ತೆ, ಪಿಇಟಿಯಲ್ಲಿ ಕಡಿಮೆ, ಗಾಜಿನಲ್ಲಿ ಇಲ್ಲ. ಆದ್ರೆ ಎಷ್ಟು ದಿನದ ಕತೆ ಇದು? ಯೀಸ್ಟ್ ಜೋರಾಗಿ ಕೆಲಸ ಮಾಡುವಾಗ ಕಾರ್ಬನ್ ಡೈಆಕ್ಸೈಡ್ ಒಳಗಿಂದ ಹೊರಗೆ ತಳ್ತಾ ಇರುತ್ತೆ. ಎರಡು ಮೂರು ವಾರಕ್ಕೆ ಬಾಟಲಿಗೆ ಹೋಗೋ ಪೇಲ್ ಏಲ್‌ಗೆ ಇದು ದೊಡ್ಡ ವಿಷಯ ಅಲ್ಲ. ತಮಾಷೆ ಅಂದ್ರೆ, ಆಕ್ಸಿಜನ್ ಅಂತ ಭಾಷಣ ಮಾಡೋರ ಗಾಜಿನ ಬಾಯಿಗೆ ಎಷ್ಟೋ ಸಲ ಸಿಲಿಕೋನ್ ಬಿರಡೆ ಇರುತ್ತೆ. ಸಿಲಿಕೋನ್ ಮೂಲಕ ಆಕ್ಸಿಜನ್ ಎಚ್‌ಡಿಪಿಇಗಿಂತಲೂ ಸಲೀಸಾಗಿ ನುಸುಳುತ್ತೆ. ಕೋಟೆ ಕಟ್ಟಿ ಬಾಗಿಲಿಗೆ ಸೊಳ್ಳೆ ಪರದೆ!

ಬೆಳಕಿನ ಮಾತು ಯಾರೂ ಎತ್ತಲ್ಲ. ಹಾಪ್ಸ್‌ನ ಕಹಿ ಅಂಶಕ್ಕೆ ಬಿಸಿಲು ಬಿದ್ದರೆ ಬಿಯರ್ ನಾರುತ್ತೆ, ಇಲ್ಲಿನವರು ಸ್ಕಂಕ್ ವಾಸನೆ ಅಂತಾರೆ. ಬಿಳಿ ಬಕೆಟ್ ಬೆಳಕನ್ನ ತಕ್ಕಮಟ್ಟಿಗಾದ್ರೂ ತಡೆಯುತ್ತೆ. ತಿಳಿ ಗಾಜಿನ ರಾಜಕುಮಾರಿಗೆ ಟೀ ಶರ್ಟ್ ಹಾಕಿ ಮುಚ್ಚಬೇಕು. ಮುಚ್ಚೋದಾದ್ರೆ ಆ ಅಂದ ಯಾರಿಗೆ?

ಕೊನೆಗೆ ಅಮ್ಮಂದಿರ ವಾದ. ಉಪ್ಪಿನಕಾಯಿನ ಪ್ಲಾಸ್ಟಿಕ್‌ನಲ್ಲಿ ಹಾಕ್ತಾರೇನೋ, ಪಿಂಗಾಣಿ ಭರಣಿಯಲ್ಲೇ ತಾನೇ ಹಾಕೋದು ಅಂತ. ಅಮ್ಮ ಹೇಳಿದ್ದು ಸರಿ ಕಣ್ರೋ, ಉಪ್ಪಿನಕಾಯಿ ವಿಷಯದಲ್ಲಿ. ಅಲ್ಲಿ ಉಪ್ಪು, ಹುಳಿ, ಖಾರ, ಎಣ್ಣೆ ಎಲ್ಲ ಸೇರಿ ವರ್ಷಗಟ್ಟಲೆ ಕೂರುತ್ತೆ. ಎಣ್ಣೆ, ವಾಸನೆ ಪ್ಲಾಸ್ಟಿಕ್‌ಗೆ ಹಿಡಿದರೆ ಬಿಡಲ್ಲ. ಬಿಯರ್‌ನಲ್ಲಿ ಎಣ್ಣೆ ಇಲ್ಲ, ಇರೋದು ಎರಡು ಮೂರು ವಾರ. ಇನ್ನೊಂದು ಗಮನಿಸಿ: ಭರಣಿಯನ್ನ ಅಮ್ಮ ಅಟ್ಟದಲ್ಲಿ ಒಂದು ಕಡೆ ಕೂರಿಸಿದರೆ ಮತ್ತೆ ಅಲುಗಾಡಿಸ್ತಿರಲಿಲ್ಲ, ಚಮಚ ತಗೊಂಡು ಇವರೇ ಅದರ ಹತ್ರ ಹೋಗ್ತಿದ್ರು. ಕಾರ್ಬಾಯ್‌ನ ಹಾಗೆ ಬಿಡೋಕಾಗಲ್ಲ, ಪ್ರತಿ ಬ್ಯಾಚ್‌ಗೂ ಎತ್ತಬೇಕು, ತೊಳೀಬೇಕು, ಮಗುಚಬೇಕು.

(4/4)

ಗಾಜಿಗೆ ಅದರ ಜಾಗ ಇದೆ. ಆರು ತಿಂಗಳು, ವರ್ಷ ಇಡೋ ಹುಳಿ ಬಿಯರ್ ಮಾಡ್ತೀರಾ, ಒಂದು ಮೂಲೆಯಲ್ಲಿಟ್ಟು ಮುಟ್ಟಲ್ಲ ಅಂತೀರಾ, ಗಾಜು ತಗೊಳ್ಳಿ. ಒಂದು ಗ್ಯಾಲನ್‌ನ ಸಣ್ಣ ಜಗ್ಗೂ ಪರವಾಗಿಲ್ಲ, ಒಂದೇ ಕೈಯಲ್ಲಿ ಎತ್ತಬಹುದು.

ಇನ್ನೊಂದು ಕಡೆಯವರನ್ನೂ ಬಿಡಲ್ಲ ನಾನು. ವರ್ಷಕ್ಕೊಂದು ಬಕೆಟ್ ಬದಲಾಯಿಸಿ ಅನ್ನೋ ಸಲಹೆ ಬಕೆಟ್ ಮಾರೋರಿಗೆ ಚೆನ್ನಾಗಿದೆ. ಕ್ಯಾಲೆಂಡರ್ ನೋಡಿ ಎಸೀಬೇಡಿ, ಬೆರಳಾಡಿಸಿ ನೋಡಿ. ಉಗುರಿಗೆ ಸಿಗೋ ಗೀರು ಬಂತು, ನೆನೆಸಿ ತೊಳೆದರೂ ಹುಳಿ ವಾಸನೆ ಹೋಗಲ್ಲ, ಮುಚ್ಚಳ ಬಿಗಿ ಕೂರಲ್ಲ ಅಂದಾಗ ನಿವೃತ್ತಿ ಕೊಡಿ, ಕಸಕ್ಕಲ್ಲ, ಮಾಲ್ಟ್ ತುಂಬಿಡೋಕೆ. ನನ್ನದಕ್ಕೆ ಇದು ನಾಲ್ಕನೇ ವರ್ಷ. ಪ್ಲಾಸ್ಟಿಕ್ ಹೀಗೆ ಮೊದಲೇ ಹೇಳಿ ಹೋಗುತ್ತೆ, ಗಾಜು ಹೇಳಲ್ಲ.

ತಗೊಳ್ಳುವಾಗ ಫುಡ್ ಗ್ರೇಡ್ ಅಂತ ಬರೆದಿರೋದೇ ತಗೊಳ್ಳಿ. ತಳದ ತ್ರಿಕೋನದಲ್ಲಿ 2 ಇದ್ದರೆ ಅದು ಎಚ್‌ಡಿಪಿಇ ಅಂತ ಅಷ್ಟೇ ಅರ್ಥ, ಊಟಕ್ಕೆ ಯೋಗ್ಯ ಅಂತ ಅಲ್ಲ. ಹಾಗಾಗಿ ಪೇಂಟ್ ಡಬ್ಬ ಜೋಕ್ ಮಾಡಿದವನೇ, ಅದನ್ನ ನಿಜವಾಗ್ಲೂ ಬಳಸಬೇಡ. ಪಿಇಟಿ ಕಾರ್ಬಾಯ್ ತಗೊಂಡವರು ಕುದಿಯೋ ನೀರು ಹಾಕಬೇಡಿ, ಸೊಟ್ಟಗಾಗುತ್ತೆ. ಕಾಸ್ಟಿಕ್ ಸೋಡಾ ಅಂತೂ ಅದರ ಹತ್ರ ತರಲೇಬೇಡಿ.

ಗಾಜಿನದ್ದು ಈಗಾಗಲೇ ಮನೆಯಲ್ಲಿದೆ ಅನ್ನೋರು ಇವತ್ತೇ ಒಂದು ಹಾಲಿನ ಕ್ರೇಟ್ ಹುಡುಕಿ ಅದರೊಳಗೆ ಕೂರಿಸಿ. ಎತ್ತೋದು ಕ್ರೇಟ್‌ನ, ಕುತ್ತಿಗೆನ ಅಲ್ಲ. ತೊಳೆಯುವಾಗ ಸಿಂಕ್ ತಳಕ್ಕೆ ಹಳೇ ಟವೆಲ್ ಹಾಸಿ, ಕಾಲಿಗೆ ಶೂ ಹಾಕ್ಕೊಳ್ಳಿ, ಹವಾಯಿ ಚಪ್ಪಲಿ ಸಾಲದು.

#ಬಕೆಟ್‌ಬಿಯರ್ #ಮನೆಬ್ರೂ #ಮೆಕ್‌ಹುಡುಗರು