ಒಬ್ಬನಿಗೆ ಕುಲ, ಇನ್ನೊಬ್ಬನಿಗೆ ಸಹಿ

ಬೆಂಗಳೂರು, ಮೈಸೂರುಗಳಂಥ ನಗರಗಳಲ್ಲಿ ಈಗ ಸ್ಟುಡಿಯೋ ಪಾಟರಿಗೆ ಒಳ್ಳೆಯ ಕಾಲ ಬಂದಿದೆ. ವಾರಾಂತ್ಯದ ತರಗತಿಗಳಲ್ಲಿ ವೈದ್ಯರು, ಇಂಜಿನಿಯರುಗಳು, ಗೃಹಿಣಿಯರು, ಮಕ್ಕಳು ತೋಳು ಮಡಿಚಿ ಮಣ್ಣಿಗೆ ಕೈಯಿಡುತ್ತಿದ್ದಾರೆ. ಯಂತ್ರದ ಅಚ್ಚಿನಿಂದ ಹೊರಬಿದ್ದ ತಟ್ಟೆಗಿಂತ ಕೈಯಿಂದ ಮಾಡಿದ ಬಟ್ಟಲು ಮೇಲೆಂದು ಹೆಚ್ಚು ಹಣ ತೆತ್ತು ಕೊಳ್ಳುವವರೂ ಇದ್ದಾರೆ. ಇದು ಸಂತೋಷದ ಸಂಗತಿ. ಇದನ್ನು ಸಿರಿವಂತರ ಕಾಲಹರಣ ಎಂದು ಹಳಿಯುವವರ ಗುಂಪಿಗೆ ನಾನು ಸೇರಿದವನಲ್ಲ. ಆದರೆ ಈ ಹೊಸ ಉತ್ಸಾಹದ ಬೆನ್ನಿಗೇ ಒಂದು ಮಾತು ನಮ್ಮ ವಿದ್ಯಾವಂತರ ನಾಲಿಗೆಯ ಮೇಲೆ ನೆಲೆಯೂರುತ್ತಿದೆ: "ಇವರು ಬರೀ ಕುಂಬಾರರಲ್ಲ, ಕಲಾವಿದರು." ನನ್ನ ತಕರಾರು ಇರುವುದು ಈ ಮಾತಿನ ಮೇಲೆ; ಅದರಲ್ಲೂ "ಬರೀ" ಎಂಬ ಆ ಎರಡಕ್ಷರದ ಮೇಲೆ.

ಮೊದಲು ಸ್ಟುಡಿಯೋ ಪಾಟರಿಯ ಹುಟ್ಟನ್ನೇ ನೋಡೋಣ. ಆಧುನಿಕ ಸ್ಟುಡಿಯೋ ಕುಂಬಾರರ ಹಿರಿಯನೆಂದು ಎಲ್ಲರೂ ಒಪ್ಪುವ ಬರ್ನಾರ್ಡ್ ಲೀಚ್, ಜಪಾನಿನ ಹಮಾದಾ ಶೋಜಿಯೊಡನೆ 1920ರಲ್ಲಿ ಇಂಗ್ಲೆಂಡಿನ ಸೇಂಟ್ ಐವ್ಸ್ ಎಂಬ ಊರಿನಲ್ಲಿ ತನ್ನ ಕಾರ್ಯಾಗಾರವನ್ನು ತೆರೆದ. ಅವರ ಗೆಳೆಯ ಯಾನಾಗಿ ಸೋಯೆತ್ಸು ಅದೇ ದಶಕದಲ್ಲಿ "ಮಿಂಗೆಯಿ", ಅಂದರೆ ಜನರ ಕಲೆ ಎಂಬ ಪದವನ್ನು ಬಳಕೆಗೆ ತಂದ. ಹೆಸರಿಲ್ಲದ ಸಾಮಾನ್ಯ ಕಸುಬುದಾರರು ದಿನಬಳಕೆಗಾಗಿ ಮಾಡಿದ ವಸ್ತುಗಳಲ್ಲೇ ನಿಜವಾದ ಚೆಲುವಿದೆ ಎಂಬುದು ಅವರ ವಾದ. ಕ್ಯೋಟೋ ನಗರದ ಒಂದು ಬೌದ್ಧ ಮಂದಿರದಲ್ಲಿ "ಕಿಜಾಯೆಮೊನ್" ಎಂಬ ಹೆಸರಿನ ಚಹಾ ಬಟ್ಟಲೊಂದಿದೆ. ಜಪಾನ್ ಸರ್ಕಾರ ಅದನ್ನು ರಾಷ್ಟ್ರೀಯ ನಿಧಿಯೆಂದು ಘೋಷಿಸಿದೆ. ಯಾನಾಗಿಯ ಕಣ್ಣಿಗೆ ಅದು ಕೊರಿಯಾದ ಬಡವರು ದಿನನಿತ್ಯ ಅನ್ನ ಉಣ್ಣುತ್ತಿದ್ದ ಸಾಧಾರಣ ಬಟ್ಟಲು. ಅದನ್ನು ಮಾಡಿದ ಕುಂಬಾರನ ಹೆಸರು ಯಾರಿಗೂ ಗೊತ್ತಿಲ್ಲ; ಅದರ ಹೆಸರೂ ಒಬ್ಬ ಒಡೆಯನ ಹೆಸರೇ. ಹೀಗೆ ಸ್ಟುಡಿಯೋ ಪಾಟರಿಯ ಮೂಲಪುರುಷರು ತಲೆಬಾಗಿದ್ದು ಅನಾಮಿಕ ಕುಂಬಾರನ ಮುಂದೆ. ಅವರ ಹೆಸರು ಹೇಳಿಕೊಂಡು ಈಗ ಕುಂಬಾರನನ್ನೇ ಹೊಸ್ತಿಲಾಚೆ ನಿಲ್ಲಿಸುವುದು ಯಾವ ನ್ಯಾಯ?

ನಮ್ಮ ದೇಶದ ಕತೆಯೂ ಬೇರೆಯಲ್ಲ. ಭಾರತದಲ್ಲಿ ಸ್ಟುಡಿಯೋ ಪಾಟರಿಗೆ ಅಡಿಪಾಯ ಹಾಕಿದ ಸರ್ದಾರ್ ಗುರುಚರಣ್ ಸಿಂಗ್ ದೆಹಲಿಯ ಪಠಾಣ ಕುಂಬಾರರ ನೀಲಿ ಗ್ಲೇಜಿನ ಕೆಲಸವನ್ನು ಹತ್ತಿರದಿಂದ ಕಂಡು ಕಲಿತವರು. ಅನಂತರ ಜಪಾನಿಗೆ ಹೋಗಿ ಲೀಚ್, ಹಮಾದಾ, ಯಾನಾಗಿಯರ ಒಡನಾಟ ಪಡೆದರು. 1952ರಲ್ಲಿ ಡೆಲ್ಲಿ ಬ್ಲೂ ಪಾಟರಿಯನ್ನು ಸ್ಥಾಪಿಸಿದರು. ಪುದುಚೇರಿಯಲ್ಲಿ ರೇ ಮೀಕರ್ ಮತ್ತು ಡೆಬೊರಾ ಸ್ಮಿತ್ 1971ರಲ್ಲಿ ಆರಂಭಿಸಿದ ಗೋಲ್ಡನ್ ಬ್ರಿಡ್ಜ್ ಪಾಟರಿ ಅಲ್ಲಿ ಕಲಿತ ಹಲವರ ಮೂಲಕ ಇಂದಿನ ಭಾರತೀಯ ಸೆರಾಮಿಕ್ಸ್‌ನ ದಿಕ್ಕನ್ನೇ ತಿದ್ದಿತು. ಇವರೆಲ್ಲರ ಸಾಧನೆಗೆ ನನ್ನ ನಮಸ್ಕಾರ. ಆ ಸಾಧನೆಯ ಬೇರು ಎಲ್ಲಿದೆ ಎಂಬುದನ್ನು ಮರೆಯಬಾರದೆಂಬುದಷ್ಟೇ ನನ್ನ ವಾದ.

ಈಗ ತಂತ್ರಗಳ ವಿಚಾರ. ಸ್ಟುಡಿಯೋದಲ್ಲಿ ಮೊದಲು ಕಲಿಸುವುದು ಮಣ್ಣಿನ ಮುದ್ದೆಯನ್ನು ಹೆಬ್ಬೆರಳಿನಿಂದ ಒತ್ತಿ ಚಿವುಟಿ ಬಟ್ಟಲು ಮಾಡುವುದು. ಎರಡನೆಯದು ಮಣ್ಣನ್ನು ಹಗ್ಗದಂತೆ ಹೊಸೆದು ಸುರುಳಿಯ ಮೇಲೆ ಸುರುಳಿ ಸುತ್ತಿ ಗೋಡೆ ಎಬ್ಬಿಸುವುದು. ಮೂರನೆಯದು ಹಲಗೆಯಂತೆ ಲಟ್ಟಿಸಿ, ಕತ್ತರಿಸಿ ಜೋಡಿಸುವುದು. ನಾಲ್ಕನೆಯದು ತಿಗರಿಯ ಮೇಲೆ ಎತ್ತುವುದು. ಈ ನಾಲ್ಕರಲ್ಲಿ ಯಾವುದನ್ನು ಸ್ಟುಡಿಯೋ ಕಂಡುಹಿಡಿಯಿತು? ತಿಗರಿಯೇ ಹುಟ್ಟದ ಕಾಲದಲ್ಲಿ ಮನುಷ್ಯ ಮೊದಲಿನ ಎರಡನ್ನೂ ಬಲ್ಲವನಾಗಿದ್ದ. ಮಣಿಪುರದ ಥೋಂಗ್‌ಜಾವೋ ಊರಿನ ಹೆಣ್ಣುಮಕ್ಕಳು ತಿಗರಿಯ ಹಂಗಿಲ್ಲದೆ ಗುಂಡನೆಯ ಮಡಕೆಗಳನ್ನು ಮಾಡುತ್ತಾರೆ. ತಿಗರಿ ತಿರುಗುವ ಬದಲು ಅವರೇ ಮಡಕೆಯ ಸುತ್ತ ತಿರುಗುತ್ತಾರೆ.

ಐದನೆಯ ತಂತ್ರವೊಂದಿದೆ. ನಗರದ ತರಗತಿಗಳಲ್ಲಿ ಅದಕ್ಕೆ ಸಿಗುವ ಸ್ಥಾನ ಬಲು ಕಿರಿದು. ನಮ್ಮ ಹಳ್ಳಿಯ ಕುಂಬಾರನಿಗೆ ಅದು ಜೀವಾಳ. ಅದೇ ತಟ್ಟುವ ವಿದ್ಯೆ. ನಮ್ಮ ನೀರಿನ ಕೊಡ ತಿಗರಿಯಿಂದ ಇಳಿಯುವಾಗ ದಪ್ಪ ಗೋಡೆಯ, ತಳವೇ ಇಲ್ಲದ ಒಂದು ಒಡ್ಡು ಆಕಾರ. ಅದು ಅರೆ ಒಣಗಿದ ಮೇಲೆ ಕುಂಬಾರ ಒಳಗೆ ಒಂದು ದುಂಡುಗಲ್ಲನ್ನು ಒತ್ತಿ ಹಿಡಿದು, ಹೊರಗಿನಿಂದ ಮರದ ಹಲಗೆಯಲ್ಲಿ ತಟ್ಟುತ್ತ, ತಿರುಗಿಸುತ್ತ, ಮಣ್ಣನ್ನು ಹಿಗ್ಗಿಸಿ ತಳವನ್ನು ಮುಚ್ಚುತ್ತಾನೆ. ಪ್ರತಿ ಪೆಟ್ಟಿಗೂ ಗೋಡೆ ತೆಳುವಾಗುತ್ತದೆ, ಮಣ್ಣು ಗಟ್ಟಿಯಾಗಿ ಬೆಸೆಯುತ್ತದೆ. ಕೈಗೆ ಹಗುರವಾದ, ನೀರು ತುಂಬಿ ಸೊಂಟದ ಮೇಲೆ ಹೊತ್ತರೂ ಬಿರಿಯದ ಕೊಡ ಹುಟ್ಟುವುದು ಹೀಗೆ. ಹರಿಹರ ಕವಿ ಕುಂಬಾರ ಗುಂಡಯ್ಯನ ರಗಳೆಯನ್ನು ಬರೆದದ್ದು ಇದೇ ಸದ್ದನ್ನು ಕುರಿತು. ಗುಂಡಯ್ಯ ಮಡಕೆ ತಟ್ಟುವ ತಾಳಕ್ಕೆ ಸಾಕ್ಷಾತ್ ಶಿವನೇ ಕುಣಿದನೆಂಬ ಕಥೆಯನ್ನು ನಾವು ತರಗತಿಯಲ್ಲಿ ಭಕ್ತಿಯ ಮಹಿಮೆ ಎಂದಷ್ಟೇ ಪಾಠ ಮಾಡಿ ಮುಗಿಸುತ್ತೇವೆ. ನನಗನ್ನಿಸುವಂತೆ ಅಲ್ಲಿ ಇನ್ನೊಂದು ಸತ್ಯವೂ ಇದೆ. ತಾಳ ತಪ್ಪಿದರೆ ಗೋಡೆ ಒಂದೆಡೆ ದಪ್ಪ, ಒಂದೆಡೆ ತೆಳು. ಆವಿಗೆಯಲ್ಲಿ ಆ ಮಡಕೆ ಉಳಿಯುವುದಿಲ್ಲ. ಕವಿ ಕುಂಬಾರನ ಕೈಯನ್ನು ಕಣ್ಣಾರೆ ಕಂಡಿದ್ದ. ಆ ಶತಮಾನಗಳಾಚೆಯ ಕವಿಗೆ ಅದು ಶಿವನನ್ನು ಕುಣಿಸಬಲ್ಲ ಕಲೆಯಾಗಿ ಕಂಡಿತು. ನಮಗೆ "ಬರೀ" ಕಸುಬಾಗಿ ಕಾಣುತ್ತದೆ!

ಸುಡುವ ವಿದ್ಯೆಗೆ ಬರೋಣ. ಕಬ್ಬಿಣಾಂಶವಿರುವ ಮಣ್ಣು ಗಾಳಿಯಾಡುವ ಬೆಂಕಿಯಲ್ಲಿ ಕೆಂಪಾಗುತ್ತದೆ. ಗಾಳಿ ಕಟ್ಟಿ ಹೊಗೆ ಕವಿಸಿದರೆ ಕಪ್ಪಾಗುತ್ತದೆ. ಸ್ಟುಡಿಯೋದವರು ಇದನ್ನು ಆಕ್ಸಿಡೇಷನ್, ರಿಡಕ್ಷನ್ ಎಂದು ಕರೆಯುತ್ತಾರೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ನಡೆಸಿದ ಉತ್ಖನನದಲ್ಲಿ ಬೃಹತ್ ಶಿಲಾಯುಗದ ಗೋರಿಗಳಿಂದ ಕಪ್ಪು-ಕೆಂಪು ಮಡಕೆಗಳು ಹೊರಬಂದವು: ಒಳಗೆ ಮತ್ತು ಬಾಯಿಯ ಅಂಚಿಗೆ ಕಪ್ಪು, ಹೊರಗೆ ಕೆಂಪು. ಒಂದೇ ಪಾತ್ರೆಯ ಒಂದು ಭಾಗಕ್ಕೆ ಗಾಳಿಯನ್ನು ಕೊಟ್ಟು, ಇನ್ನೊಂದಕ್ಕೆ ತಡೆದವರು ಎರಡು ಸಾವಿರ ವರ್ಷಗಳಿಗೂ ಹಿಂದಿನ ನಮ್ಮ ನೆಲದ ಕುಂಬಾರರು. ಅವರ ಬಳಿ ಉಷ್ಣಮಾಪಕವಿರಲಿಲ್ಲ. ಮಣ್ಣಿನಲ್ಲಿರುವ ಸ್ಫಟಿಕಶಿಲೆಯ ಕಣಗಳು 573 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹಠಾತ್ತನೆ ಹಿಗ್ಗುತ್ತವೆಂದು ಅವರು ಓದಿರಲಿಲ್ಲ. ಆದರೂ ಮೊದಲು ಮೆಲ್ಲನೆ ಹೊಗೆಯ ಶಾಖ ಕೊಟ್ಟು, ನೀರಿನಂಶ ಹೋದಮೇಲಷ್ಟೇ ಉರಿ ಏರಿಸಬೇಕೆಂದು, ಕೆಂಡದ ಬಣ್ಣ ನೋಡಿ ಹೊತ್ತು ಅಳೆಯಬೇಕೆಂದು ಬಲ್ಲವರಾಗಿದ್ದರು. ಇದು ವಿಜ್ಞಾನವಲ್ಲವೇ?

ಎದುರುವಾದಗಳನ್ನೂ ಪರಿಶೀಲಿಸಬೇಕು. "ಸ್ಟೋನ್‌ವೇರ್ 1200 ಡಿಗ್ರಿಗೂ ಮೇಲಿನ ಶಾಖದಲ್ಲಿ ಬೇಯುತ್ತದೆ. ಅದಕ್ಕೆ ಗ್ಲೇಜಿನ ರಸಾಯನಶಾಸ್ತ್ರ ಬೇಕು. ಮಡಕೆ ಸುಮಾರು 700-900 ಡಿಗ್ರಿಯ ಹಸಿ ಬೇಯುವಿಕೆ" ಎನ್ನುತ್ತಾರೆ. ನಿಜ. ಫೆಲ್ಡ್‌ಸ್ಪಾರ್, ಸಿಲಿಕಾ, ಸುಣ್ಣಗಳನ್ನು ಅಳೆದು ಬೆರೆಸಿ, ತಾಮ್ರದಿಂದ ಕೆಂಪನ್ನೂ ಕಬ್ಬಿಣದಿಂದ ತಿಳಿಹಸಿರನ್ನೂ ಬರಿಸುವುದು ದೊಡ್ಡ ವಿದ್ಯೆಯೇ. ಆದರೆ ಆ ಮಡಕೆಯ "ಹಸಿತನ"ವೇ ಅದರ ಜಾಣತನ. ಅದರ ಸೂಕ್ಷ್ಮ ರಂಧ್ರಗಳಿಂದ ನೀರು ಜಿನುಗಿ ಆವಿಯಾಗುವುದರಿಂದಲೇ ಒಳಗಿನ ನೀರು ತಂಪಾಗುತ್ತದೆ. ಮರಳು ಬೆರೆಸಿದ ಅದರ ಸಡಿಲ ಮೈ ನೇರ ಉರಿಯನ್ನು ತಾಳಿಕೊಂಡು ಸಾರು ಕುದಿಸುತ್ತದೆ. ಸಾಮಾನ್ಯ ಸ್ಟೋನ್‌ವೇರ್ ಹೂದಾನಿಯನ್ನು ಒಲೆಯ ಮೇಲಿಟ್ಟು ನೋಡಿ, ಸೀಳುತ್ತದೆ. ಒಂದೊಂದು ಕೆಲಸಕ್ಕೆ ಒಂದೊಂದು ಮಣ್ಣು, ಒಂದೊಂದು ಬೆಂಕಿ. ಶಾಖದ ಅಂಕಿಯಿಂದ ಮನುಷ್ಯನ ಯೋಗ್ಯತೆಯನ್ನು ಅಳೆಯಲಾಗದು.

"ಕುಂಬಾರ ಒಂದೇ ಆಕಾರವನ್ನು ಮಾಡುತ್ತಾನೆ, ಅವನಲ್ಲಿ ಸೃಜನಶೀಲತೆ ಎಲ್ಲಿದೆ?" ಎಂಬುದು ಎರಡನೆಯ ವಾದ. ಹಾಗಾದರೆ ಭೂಪಾಲಿ ರಾಗವನ್ನು ನಲವತ್ತು ವರ್ಷ ಹಾಡಿದ ಗಾಯಕನಿಗೂ ಇದೇ ಪ್ರಶ್ನೆ ಕೇಳಿರಿ! ಲೀಚ್‌ನ ಕಾರ್ಯಾಗಾರದಲ್ಲೂ ಒಂದೇ ಅಳತೆಯ ಬಟ್ಟಲು, ಹೂಜಿ, ತಟ್ಟೆಗಳನ್ನು ವರ್ಷಗಟ್ಟಲೆ ಮಾಡಿ ಮಾರುತ್ತಿದ್ದರು. ಶಿಷ್ಯರ ಕೈ ಪಳಗಿದ್ದೇ ಆ ಪುನರಾವರ್ತನೆಯಲ್ಲಿ. ಅಲ್ಲಿ ಅದು ಸಾಧನೆ, ಇಲ್ಲಿ ಅದು ಜಡತೆಯೇ?

ನಿಜವಾದ ಭೇದ ಬೇರೆಡೆ ಇದೆ. ಅದನ್ನು ಸಭ್ಯರು ಬಾಯಿಬಿಟ್ಟು ಹೇಳುವುದಿಲ್ಲ. ನಗರದ ಹುಡುಗ ಮಣ್ಣು ಮುಟ್ಟಿದರೆ ಅದು ಅಭಿರುಚಿ. ಕುಂಬಾರನ ಮಗ ಮುಟ್ಟಿದರೆ ಅದು ಹಿಂದುಳಿದಿರುವಿಕೆ. ಒಬ್ಬನಿಗೆ ಬಟ್ಟಲಿನ ತಳದಲ್ಲಿ ಸಹಿ, ಇನ್ನೊಬ್ಬನಿಗೆ ಹೆಸರಿನ ಹಿಂದೆ ಕುಲ. ಮದುವೆಯಲ್ಲಿ ಐರಣೆಯ ಗಡಿಗೆಗಳನ್ನು ವಾದ್ಯ ಸಮೇತ ಹೋಗಿ ಕುಂಬಾರನ ಮನೆಯಿಂದ ತರುತ್ತೇವೆ. ಮರುದಿನ ಅದೇ ಕುಂಬಾರನೊಡನೆ ಹತ್ತು ರೂಪಾಯಿಗೆ ಚೌಕಾಸಿ ಮಾಡುತ್ತೇವೆ. ಪ್ರದರ್ಶನದಲ್ಲಿ ಸಾವಿರ ರೂಪಾಯಿಯ ಬಟ್ಟಲಿಗೆ ತುಟಿಪಿಟಕ್ಕೆನ್ನದೆ ಹಣ ತೆರುವವರೂ ನಾವೇ.

ಮೂರು ದಶಕಗಳಿಗೂ ಮಿಕ್ಕಿ ಪಾಠ ಹೇಳಿದ ನನಗೆ ಇದರ ಪರಿಣಾಮ ಗೊತ್ತು. ನಾನು ಕೆಲಸ ಮಾಡಿದ ಒಂದು ಶಾಲೆಯಲ್ಲಿ ಕುಂಬಾರರ ಮನೆಯ ಹುಡುಗನೊಬ್ಬ ದಾಖಲಾತಿಯ ಹೊತ್ತಿನಲ್ಲಿ ತಂದೆಯ ಉದ್ಯೋಗ "ಕೂಲಿ" ಎಂದು ಬರೆಸಿದ. ತಿಗರಿಯ ಮುಂದೆ ಕುಳಿತರೆ ಕೇಂದ್ರಾಕರ್ಷಣ ಬಲವನ್ನು ಕೈಯಲ್ಲೇ ತೋರಿಸಬಲ್ಲ ಹುಡುಗ ಅವನು. ಉಗುರಿನಲ್ಲಿ ಮಣ್ಣಿದೆಯೆಂದು ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದ ಸಹೋದ್ಯೋಗಿಯೊಬ್ಬರು ವಾರ್ಷಿಕೋತ್ಸವದ ಭಾಷಣದಲ್ಲಿ ಶ್ರಮದ ಘನತೆಯನ್ನು ಕುರಿತು ಗಂಟೆಗಟ್ಟಲೆ ಮಾತನಾಡುತ್ತಿದ್ದರು. ಬಿ.ಎಡ್. ತರಬೇತಿಯಲ್ಲಿ ಗಾಂಧೀಜಿಯವರ ನಯೀ ತಾಲೀಮನ್ನು ನಾವೆಲ್ಲ ಪರೀಕ್ಷೆಗಾಗಿ ಉರುಹೊಡೆದವರೇ. ಶಾಂತಿನಿಕೇತನದಲ್ಲಿ ಕಲಿತ ದೇವಿಪ್ರಸಾದರು 1944ರಲ್ಲಿ ಸೇವಾಗ್ರಾಮಕ್ಕೆ ಬಂದು ಮಕ್ಕಳಿಗೆ ಕಲೆ ಕಲಿಸಿದರು. ತಾವೂ ದೇಶದ ಮೊದಲ ಸಾಲಿನ ಸ್ಟುಡಿಯೋ ಕುಂಬಾರರಾದರು. ಅವರ ಪಾಲಿಗೆ ಕಲಾವಿದ, ಶಿಕ್ಷಕ, ಕುಂಬಾರ ಎಂಬ ಮೂವರು ಬೇರೆ ಬೇರೆಯಾಗಿರಲಿಲ್ಲ.

2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ 6ರಿಂದ 8ನೆಯ ತರಗತಿಯ ಮಕ್ಕಳಿಗೆ 10 ದಿನಗಳ ಚೀಲರಹಿತ ಅವಧಿಯ ಮಾತಿದೆ. ಆ ದಿನಗಳಲ್ಲಿ ಮಕ್ಕಳು ಸ್ಥಳೀಯ ಬಡಗಿಗಳು, ತೋಟಗಾರರು, ಕುಂಬಾರರು, ಕಲಾವಿದರು ಮೊದಲಾದವರ ಬಳಿ ಕಲಿಯಬೇಕಂತೆ. ಉದ್ದೇಶ ಉತ್ತಮ. ಆದರೆ ಗಮನಿಸಿದಿರಾ? ಅಲ್ಲಿಯೂ ಕುಂಬಾರರು ಬೇರೆ, ಕಲಾವಿದರು ಬೇರೆ! ಯಾವ ನೀತಿ ಉಳಿಯುತ್ತದೆ, ಯಾವುದು ಅಳಿಯುತ್ತದೆ ಎಂಬುದು ಸರ್ಕಾರಗಳ ವ್ಯಾಜ್ಯ. 2023ರಲ್ಲಿ ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕುಂಬಾರಿಕೆಯೂ ಇದೆ. ಉಪಕರಣಕ್ಕೆ 15,000 ರೂಪಾಯಿಯ ನೆರವೂ ಇದೆ. ವಿದ್ಯುತ್ ತಿಗರಿ ಬರಲಿ, ಬೆನ್ನಿನ ನೋವು ಕಡಿಮೆಯಾಗಲಿ. ಆದರೆ ಉಪಕರಣವನ್ನು ಸರ್ಕಾರ ಕೊಡಬಹುದು, ಮರ್ಯಾದೆಯನ್ನು ಸಮಾಜವೇ ಕೊಡಬೇಕು. ಮಣ್ಣನ್ನು ಯಾರು ಕೊಡುವರು? ಕುಂಬಾರನ ಮಣ್ಣು ಬರುವುದು ಕೆರೆಯಂಗಳದಿಂದ. ಕೆರೆ ಬಡಾವಣೆಯಾದಲ್ಲಿ, ಮಣ್ಣು ಇಟ್ಟಿಗೆ ಗೂಡಿಗೆ ಹೋದಲ್ಲಿ, ಯಾವ ತಿಗರಿ ತಿರುಗಿ ಏನು ಫಲ?

ಆದ್ದರಿಂದ ನನ್ನ ಕೋರಿಕೆಗಳು ಇಷ್ಟೇ. ಸ್ಟುಡಿಯೋ ನಡೆಸುವ ಮಿತ್ರರು ವರ್ಷಕ್ಕೊಮ್ಮೆಯಾದರೂ ಹಳ್ಳಿಯ ಕುಂಬಾರರನ್ನು ಗುರುವಾಗಿ ಕರೆಸಲಿ. "ಪ್ರಾತ್ಯಕ್ಷಿಕೆ"ಗೆ ಅಲ್ಲ, ಪಾಠಕ್ಕೆ, ಇತರ ಉಪನ್ಯಾಸಕರಿಗೆ ಕೊಡುವಷ್ಟೇ ಗೌರವಧನ ಕೊಟ್ಟು. ಪ್ರದರ್ಶನಗಳಲ್ಲಿ "ಗ್ರಾಮೀಣ ಮಡಕೆ" ಎಂಬ ಚೀಟಿಯ ಬದಲು ಮಾಡಿದವರ ಹೆಸರಿರಲಿ. ಶಾಲೆಗಳಲ್ಲಿ ಚಿತ್ರಕಲೆಯ ಅವಧಿಗೆ ಒಂದು ಬುಟ್ಟಿ ಜೇಡಿಮಣ್ಣು ಬರಲಿ. ಅದಕ್ಕೆ ಅನುದಾನ ಬೇಡ. ಕೆರೆಯ ಹೂಳೆತ್ತುವಾಗ ಕುಂಬಾರನ ಪಾಲನ್ನು ಮೊದಲು ತೆಗೆದಿಡಲಿ.

"ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ" ಎಂಬ ಗಾದೆಯನ್ನು ನಾವೆಲ್ಲ ಮಕ್ಕಳಿಗೆ ಕಲಿಸಿದ್ದೇವೆ. ದೊಣ್ಣೆ ಯಾವಾಗಲೂ ಮರದ್ದೇ ಆಗಬೇಕಿಲ್ಲ. "ಬರೀ ಕುಂಬಾರ" ಎಂಬ ಮಾತೂ ಒಂದು ದೊಣ್ಣೆಯೇ. ಸ್ಟುಡಿಯೋ ಕುಂಬಾರರಲ್ಲಿ ನನ್ನದೊಂದು ಬಿನ್ನಹ: ಮುಂದಿನ ಸಲ ಯಾರಾದರೂ ನಿಮ್ಮನ್ನು ಹೊಗಳುವ ಭರದಲ್ಲಿ "ನೀವು ಕುಂಬಾರರಲ್ಲ" ಎಂದರೆ, ದಯವಿಟ್ಟು ಅವರನ್ನು ತಿದ್ದಿ. ಕುಂಬಾರ ಎನ್ನಿಸಿಕೊಳ್ಳುವುದು ನಿಮಗೆ ಸಲ್ಲಬೇಕಾದ ಬಿರುದು.